ಸೊಪ್ಪು ನೋಡುವ ಹುದ್ದೆ

ಗುಡ್ಡ ಜರಿದಾಗ ಏಳುವ ಹಸಿಮಣ್ಣಿನ ವಾಸನೆ ಬೇರೆಯವರಿಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ, ನನಗಂತೂ ಮೈ ಉರಿಯುತ್ತದೆ. ಹೋದ ತಿಂಗಳು ಮಂಗಳೂರಿಗೆ ಹೊರಟಿದ್ದೆ. ಮಾರನಹಳ್ಳಿಯಿಂದ ಆಚೆ ರಸ್ತೆ ಕುಸಿದಿದೆಯೆಂದು ಬಸ್ಸನ್ನು ಆನೇಮಹಲ್ ಹತ್ತಿರವೇ ನಿಲ್ಲಿಸಿದರು. ನಾವು ನಿಂತ ಕಡೆಯೂ ಪಕ್ಕದ ಗುಡ್ಡದ ಬರೆ ಜರಿದು ಕೆಂಪು ಮಣ್ಣು ಅರ್ಧ ರಸ್ತೆಗೆ ಬಂದಿತ್ತು. ಕಿಟಕಿ ಸರಿಸಿದೆ, ಆ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ಶರ್ಟಿನ ಮಹಾಶಯ ಗಡಿಯಾರ ನೋಡಿಕೊಂಡು, “ಸರ್ಕಾರದೋರ ಕೈಲಿದ್ರೆ ಇಷ್ಟೇ ಕಣ್ರೀ. ಎಲ್ಲಾ ಪ್ರೈವೇಟಿಗೆ ಕೊಟ್ಬಿಡ್ಬೇಕು, ಅರ್ಧ ಜನನ ಮನೆಗೆ ಕಳಿಸ್ಬೇಕು” ಅಂದ. “ಯಾವ ಅರ್ಧ?” ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, ಬ್ಯಾಗು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ. ಕೇಳಿದ ದನಿ ಅಷ್ಟು ಕೆಟ್ಟದಾಗಿತ್ತು ಅಂತ ಕಾಣುತ್ತದೆ.

ಆ ಅರ್ಧ ಯಾವುದೆಂದು ಆರಿಸಿದ ವರ್ಷ ನಾನು ಅಲ್ಲೇ ಇದ್ದೆ. ತೊಂಬತ್ತರ ದಶಕದ ನಡುಭಾಗ. ಸಕಲೇಶಪುರದಲ್ಲಿ ರಸ್ತೆಗಳನ್ನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಅಪ್ಪ ಸರ್ವೀಸಿನಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ಸಿಕ್ಕ ಕೆಲಸ. ಆಲೂರಿನಿಂದ ದಿನಾ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ, ಸಂಜೆ ಬಸ್ಸಿಗೆ ಬರುತ್ತಿದ್ದೆ. ನಡುವೆ ಎಷ್ಟು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ. ಆ ಕುರ್ಚಿಯಲ್ಲಿ ಕೂತು ನಾಲ್ಕು ಸ್ವೆಟರ್ ಹೆಣೆದಿದ್ದೇನೆ.

ನಮ್ಮಲ್ಲಿ ದುಂದು ಇರಲಿಲ್ಲ ಎಂದು ಯಾರು ಹೇಳಿದರೂ ನಂಬಬೇಡಿ. ಅಂಗಳದ ಹಲಸಿನ ಮರದ ಕೆಳಗೆ ಒಂದು ರೋಡ್ ರೋಲರ್ ನಿಂತಿತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ಅದರ ಎಂಜಿನ್ ಸತ್ತಿತ್ತು. ಚಕ್ರದ ಸಂದಿಯಲ್ಲಿ ಗಿಡ ಬೆಳೆದು ಹೂ ಬಿಡುತ್ತಿತ್ತು. ಅದಕ್ಕೊಬ್ಬ ಡ್ರೈವರ್, ಒಬ್ಬ ಕ್ಲೀನರ್, ಕಾಯಲು ಒಬ್ಬ ವಾಚ್‌ಮನ್. ಮೂವರೂ ಖಾಯಂ. ಅಷ್ಟು ಟನ್ ಕಬ್ಬಿಣವನ್ನು ಯಾರು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೋ ದೇವರಿಗೇ ಗೊತ್ತು. ಇಲಾಖೆಯ ಜೀಪು ಇಂಜಿನಿಯರ್ ಸಾಹೇಬರ ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಅವರ ಹೆಂಡತಿಯನ್ನು ಹಾಸನಕ್ಕೆ ಸೀರೆ ತರಲು ಕರೆದುಕೊಂಡು ಹೋಗಿ, ಪುರುಸೊತ್ತಾದರೆ ರಸ್ತೆ ನೋಡಲು ಹೋಗುತ್ತಿತ್ತು. ಆದ್ದರಿಂದ ಬೆಂಗಳೂರಿನಿಂದ ಸುತ್ತೋಲೆ ಬಂದಾಗ ನಾನು ಖುಷಿಪಟ್ಟೆ. ದುಂದು ತಗ್ಗಬೇಕು, ಹೆಚ್ಚುವರಿ ಸಿಬ್ಬಂದಿ ಹೋಗಬೇಕು, ಎಲ್ಲದರಲ್ಲೂ ಸರ್ಕಾರ ಕೈಹಾಕುವುದು ನಿಲ್ಲಬೇಕು, ಕೆಲಸಗಳನ್ನು ಟೆಂಡರಿಗೆ ಕೊಡಬೇಕು ಎಂದಿತ್ತು ಅದರಲ್ಲಿ. ಸದ್ಯ, ಯಾರಿಗೋ ಬುದ್ಧಿ ಬಂತಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸುತ್ತೋಲೆಯ ಜೊತೆ ಒಂದು ನಮೂನೆ ಬಂದಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಮಾಡುವ ಕೆಲಸದ ವಿವರ ತುಂಬಬೇಕು. ಅದನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ರೋಲರಿನ ಡ್ರೈವರ್ ತಾನೇ ಬಂದು ಹೇಳಿ ಬರೆಸಿದ: “ಭಾರೀ ಯಂತ್ರೋಪಕರಣಗಳ ಚಾಲನೆ ಮತ್ತು ಸುಸ್ಥಿತಿ ಅಂತ ಹಾಕಿ ಮೇಡಂ.” ಹಾಕಿದೆ. ಕೊನೆಗೆ ಉಳಿದವರು ಹೆತ್ತೂರು ಕಡೆಯ ಘಟ್ಟದ ರಸ್ತೆಯ ಗ್ಯಾಂಗಿನ ಇಬ್ಬರು, ದ್ಯಾವಯ್ಯ ಮತ್ತು ಪುಟ್ಟಯ್ಯ. ದ್ಯಾವಯ್ಯ ಖಾಯಂ. ಪುಟ್ಟಯ್ಯ ಹನ್ನೊಂದು ವರ್ಷದಿಂದ ದಿನಗೂಲಿ. ಖಾಯಂ ಮಾಡಿ ಎಂಬ ಅವರ ಅರ್ಜಿ ನನ್ನ ಬೀರುವಿನಲ್ಲೇ ಇತ್ತು. ಆಗ ಕಚೇರಿಯಲ್ಲಿ ಇಬ್ಬರನ್ನೂ ಏಕವಚನದಲ್ಲೇ ಕರೆಯುತ್ತಿದ್ದೆವು, ನಾನೂ ಸೇರಿ. ಅಪ್ಪನ ವಯಸ್ಸಿನವರನ್ನು! ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರ ಕೆಲಸ ಏನೆಂದು ನೋಡಿಯೇ ಬರೆಯೋಣವೆಂದು ಒಂದು ದಿನ ಹೆತ್ತೂರಿನ ಬಸ್ಸು ಹತ್ತಿ ಹೋದೆ. ಮೇ ತಿಂಗಳ ಮಧ್ಯಾಹ್ನ, ಆಗಷ್ಟೇ ಒಂದು ಮಳೆ ಹೊಡೆದು ನಿಂತಿತ್ತು. ಮೇಲಿನ ಗುಡ್ಡದ ನೀರು ರಸ್ತೆಯ ಅಡಿಗೆ ಹೋಗಿ ಆಚೆ ಹಳ್ಳಕ್ಕೆ ಬೀಳಲು ಅಲ್ಲಲ್ಲಿ ಮೋರಿಗಳಿವೆ. ದ್ಯಾವಯ್ಯ ಒಂದು ಮೋರಿಯ ಮೇಲ್ಬಾಯಿಯ ಹತ್ತಿರ ಹಸಿರು ಸೊಪ್ಪಿನ ಕಂತೆ ಹಿಡಿದು ನಿಂತಿದ್ದರು. ಪುಟ್ಟಯ್ಯ ರಸ್ತೆ ದಾಟಿ, ಇಳಿಜಾರಿನಲ್ಲಿ ಜಾರುತ್ತಾ ಇಳಿದು, ಮೋರಿಯ ಕೆಳಬಾಯಿಯ ಹತ್ತಿರ ಕೂತರು. ದ್ಯಾವಯ್ಯ ಕೂಗು ಹಾಕಿ ಕಂತೆಯನ್ನು ನೀರಿಗೆ ಬಿಟ್ಟರು. ಪುಟ್ಟಯ್ಯ ಒಂದು, ಎರಡು ಎಂದು ಎಣಿಸತೊಡಗಿದರು. ಹನ್ನೊಂದಕ್ಕೆ ಸೊಪ್ಪು ಹೊರಗೆ ಬಿತ್ತು. “ಬಂತೂ!” ಎಂದು ಕೂಗಿದರು.

“ಇದೇನು ಆಟ ಪುಟ್ಟಯ್ಯ?” ಎಂದೆ.

“ಆಟ ಅಲ್ಲ ಅಮ್ಮಾವ್ರೆ. ಹನ್ನೆರಡು ಎಣಿಸೋದ್ರೊಳಗೆ ಬಂದ್ರೆ ಮೋರಿ ಚೆನ್ನಾಗೈತೆ. ಇಪ್ಪತ್ತಾಯ್ತು ಅಂದ್ರೆ ಹೊಟ್ಟೇಲಿ ಮಣ್ಣು ಕೂತೈತೆ. ಬರ್ಲೇ ಇಲ್ಲ ಅಂದ್ರೆ ಹಾರೆ ತಗೊಂಡು ಇಳೀಬೇಕು. ಬಾಯಿ ನೋಡುದ್ರೆ ಏನೂ ಗೊತ್ತಾಗಕಿಲ್ಲ. ಬಾಯಿ ಯಾವಾಗ್ಲೂ ಚೆನ್ನಾಗೇ ಇರ್ತದೆ.”

ಆ ರಸ್ತೆಯ ಇಪ್ಪತ್ತಮೂರು ಮೋರಿಗಳ ಹೊಟ್ಟೆಯ ಸಂಗತಿಯೂ ಅವರಿಬ್ಬರಿಗೆ ಬಾಯಿಪಾಠವಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ನೋಡಿದ್ದನ್ನು ನೋಡಿದ ಹಾಗೆಯೇ ಬರೆದುಬಿಟ್ಟೆ. ದ್ಯಾವಯ್ಯ: ಮೋರಿಯ ಮೇಲ್ಬಾಯಿಯಲ್ಲಿ ಸೊಪ್ಪು ಬಿಡುವುದು. ಪುಟ್ಟಯ್ಯ: ಕೆಳಬಾಯಿಯಲ್ಲಿ ಕೂತು ಸೊಪ್ಪು ಬಂತೇ ಎಂದು ನೋಡುವುದು.

ಬೇರೆ ಕಚೇರಿಗಳ ಗುಮಾಸ್ತರು ತಮ್ಮ ಗ್ಯಾಂಗಿನವರ ಮುಂದೆ ಏನು ಬರೆದಿದ್ದರು ಎಂದು ಆಮೇಲೆ ತಿಳಿಯಿತು. ಜಲನಿರ್ಗಮನ ವ್ಯವಸ್ಥೆಯ ಪರಿವೀಕ್ಷಣೆ ಮತ್ತು ನಿರ್ವಹಣೆ. ಅವರ ಗ್ಯಾಂಗುಗಳು ಉಳಿದುಕೊಂಡವು. ಅವರು ಇಪ್ಪತ್ತು ವರ್ಷ ಸರ್ಕಾರಿ ಕಾಗದ ಬರೆದು ಪಳಗಿದವರು, ನಾನು ಆಲೂರಿನಿಂದ ಬಂದ ಪೆದ್ದಿ.

ಪರಿಶೀಲನೆಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಸಣ್ಣ ವಯಸ್ಸು, ಚುರುಕು, ಕೆಟ್ಟವರೇನಲ್ಲ. ನನ್ನ ನಮೂನೆ ಓದುತ್ತಾ ಓದುತ್ತಾ ನಗತೊಡಗಿದರು. ಇಂಜಿನಿಯರ್ ಸಾಹೇಬರೂ ನಕ್ಕರು. ಅಷ್ಟಕ್ಕೇ ಬಿಡದೆ ಅಧಿಕಾರಿ ದ್ಯಾವಯ್ಯನವರನ್ನು ಕರೆಸಿದರು.

“ಒಬ್ಬ ಸೊಪ್ಪು ಹಾಕೋದು, ಇನ್ನೊಬ್ಬ ನೋಡೋದಾ? ನೀವೇ ಹಾಕಿ, ನೀವೇ ಹೋಗಿ ನೋಡಬಹುದಲ್ಲ?” ಎಂದು ಕೇಳಿದರು.

“ನಾನು ಸುತ್ತಾಕೊಂಡು ಇಳಿಯಗಂಟ ನೀರು ಕಾಯಲ್ವಲ್ಲ ಸ್ವಾಮಿ,” ಎಂದರು ದ್ಯಾವಯ್ಯ.

ಅದಕ್ಕೂ ನಕ್ಕರು. ಪುಟ್ಟಯ್ಯನವರ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. “ಸರ್, ಹೊರಗೆ ಆ ರೋಲರ್ ನೋಡಿದ್ರಾ?” ಎಂದು ನಾನು ಬಾಯಿಬಿಟ್ಟೆ. ಸಾಹೇಬರು ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಅಧಿಕಾರಿ ಹಾಳೆ ತಿರುವಿ, “ಅವರು ಮಂಜೂರಾದ ಹುದ್ದೆಯಲ್ಲಿದ್ದಾರಮ್ಮ. ಅವರನ್ನ ಮುಟ್ಟೋ ಹಾಗಿಲ್ಲ” ಎಂದರು. ಸುಧಾರಣೆಯ ಅರ್ಥ ಅವತ್ತು ನನಗೆ ಗೊತ್ತಾಯಿತು. ಕತ್ತರಿ ಹಾಕಲು ಹೊರಟವರು ಸುಲಭವಾಗಿ ಕತ್ತರಿಸಲು ಬರುವವರನ್ನು ಹುಡುಕಿಕೊಂಡು ಬಂದಿದ್ದರು. ನಾನು ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದೆ.

ಪುಟ್ಟಯ್ಯ ಕೊನೆಯ ದಿನ ಕಚೇರಿಗೆ ಬಂದರು. ಜಗಳ ಆಡಲಿಲ್ಲ. ಹನ್ನೊಂದು ವರ್ಷ ಇಲ್ಲಿ ಕೆಲಸ ಮಾಡಿದ್ದೇನೆ ಎಂದು ಒಂದು ಕಾಗದ ಕೊಡಿ ಎಂದು ಕೇಳಿದರು. ಅದಿದ್ದರೆ ಖಾಯಮಾತಿಗೆ ಕೋರ್ಟಿಗೆ ಹೋಗಬಹುದು ಎಂದು ಅವರಿಗೆ ಯಾರೋ ಹೇಳಿದ್ದರು. ಸಾಹೇಬರು ಹಾಜರಿ ಪುಸ್ತಕಗಳೆಲ್ಲ ಗೆದ್ದಲು ತಿಂದು ಹೋಗಿವೆ ಎಂದರು. ಗೆದ್ದಲೂ ಎಂಥ ಜಾಣ ಗೆದ್ದಲು! ರೋಲರಿನ ಮೂವರ ಪುಸ್ತಕದ ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ.

“ಅಂಗಾರೆ ನಾನು ಇಲ್ಲಿ ಇರ್ಲೇ ಇಲ್ವಾ ಅಮ್ಮಾವ್ರೆ?” ಎಂದು ಪುಟ್ಟಯ್ಯ ನನ್ನನ್ನು ಕೇಳಿದರು. ನಾನು ಮುಂದಿದ್ದ ಫೈಲಿನ ಹಾಳೆ ತಿರುವಿದೆ.

ಮೋರಿಗಳ ಕೆಲಸ ಟೆಂಡರಿಗೆ ಹೋಯಿತು. ಹಿಡಿದ ಗುತ್ತಿಗೆದಾರ ಹಾಸನದವನು. ಮುಂದಿನ ವರ್ಷದ ಮಳೆಗಾಲಕ್ಕೆ ಮುಂಚೆ ಅವನ ಜನ ಬಂದು ಎರಡೇ ದಿನದಲ್ಲಿ ಇಪ್ಪತ್ತಮೂರು ಮೋರಿಗಳನ್ನೂ ಮುಗಿಸಿದರು. ಬಾಯಿಯ ಹತ್ತಿರದ ಹುಲ್ಲು ಕೆರೆದು, ಮೇಲಿನ ಕಟ್ಟೆಗೆ ಸುಣ್ಣ ಬಳಿದು, ಕರಿ ಬಣ್ಣದಲ್ಲಿ ನಂಬರು ಬರೆದರು. ನೋಡಲು ಮದುವೆಮನೆಯ ಹಾಗಿತ್ತು. ಸಾಹೇಬರು ಜೀಪಿನಿಂದ ಇಳಿಯದೆ ನಂಬರುಗಳನ್ನು ಎಣಿಸಿಕೊಂಡು ಬಂದು, ಎಲ್ಲ ಸ್ವಚ್ಛವಾಗಿದೆ ಎಂದು ಸಹಿ ಹಾಕಿದರು.

ಆ ವರ್ಷದ ಮಳೆ ಆಷಾಢದಲ್ಲಿ ಹಿಡಿದದ್ದು ಒಂಬತ್ತು ದಿನ ಬಿಡಲಿಲ್ಲ. ಹೆತ್ತೂರಿನ ಕಡೆ ಎಸ್ಟೇಟಿನವರು ಮಳೆಯನ್ನು ಇಂಚಿನಲ್ಲಿ ಅಳೆದು ಬರೆದಿಡುತ್ತಾರಲ್ಲ, ಆ ವಾರ ಅವರ ಗಾಜಿನ ಕೊಳವೆಯೇ ತುಂಬಿ ಚೆಲ್ಲುತ್ತಿತ್ತಂತೆ. ಏಳನೆಯ ದಿನ ಬೆಳಗ್ಗೆ ಹತ್ತೂವರೆಗೆ ಕಚೇರಿಯ ಫೋನು ಬಡಿದುಕೊಂಡಿತು. ದ್ಯಾವಯ್ಯ ಯಾವುದೋ ಎಸ್ಟೇಟಿನ ಆಫೀಸಿನಿಂದ ಕೂಗುತ್ತಿದ್ದರು.

“ಅಮ್ಮಾ, ಹದಿನಾಲ್ಕನೇ ಮೋರಿ ಕಟ್ಕೊಂಡ್ಬುಟ್ಟೈತೆ! ರಸ್ತೆ ಮೇಲ್ಗಡೆ ಕೆರೆ ಆಗ್ಬುಟ್ಟೈತೆ. ಕೆಳಗೆ ಆರು ಮನೆ ಅವೆ. ರಸ್ತೆ ಒಡ್ಕೊಂಡ್ರೆ ಒಂದೂ ಉಳಿಯಾಕಿಲ್ಲ. ಸಾಹೇಬ್ರಿಗೆ ಹೇಳಿ, ಬೇಗ ಹೇಳಿ!”

ಆ ಆರರಲ್ಲಿ ಒಂದು ಪುಟ್ಟಯ್ಯನವರ ಮನೆ. ನಾನು ಓಡಿ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಡಲಿಲ್ಲ. “ಈಗ ಅದು ನಮ್ಮ ಕೆಲಸ ಅಲ್ಲಮ್ಮ, ಗುತ್ತಿಗೆದಾರರದ್ದು. ನಾವು ಕೈ ಹಾಕಿದ್ರೆ ನಾಳೆ ಅವನೇ ತಿರುಗಿ ಬೀಳ್ತಾನೆ. ಅವನಿಗೊಂದು ಪತ್ರ ಟೈಪ್ ಮಾಡಿ.”

“ಪತ್ರ ಹಾಸನಕ್ಕೆ ಮುಟ್ಟೋದು ನಾಡಿದ್ದು ಸಾರ್!”

“ಅರ್ಜೆಂಟ್ ಅಂತ ಮೇಲೆ ಬರೀರಿ.”

ಬರೆದೆ. ನನ್ನ ಕೈಯಾರ ಬರೆದೆ. ಗುತ್ತಿಗೆದಾರನ ಮನೆಗೆ ಫೋನನ್ನೂ ಮಾಡಿದೆ. ಸಾಹುಕಾರರು ತಿರುಪತಿಗೆ ಹೋಗಿದ್ದಾರೆ ಎಂದರು.

ಅಲ್ಲಿ ನಡೆದದ್ದನ್ನು ನಾನು ಮಾರನೆಯ ದಿನ ಕಣ್ಣಾರೆ ಕಂಡೆ. ಮಹಜರು ಬರೆಯಲು ಸಾಹೇಬರು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. ಹದಿನಾಲ್ಕನೆಯ ಮೋರಿಯಿಂದ ನೂರು ಹೆಜ್ಜೆ ಆಚೆ, ಮನೆಗಳಿಲ್ಲದ ಕಡೆ, ರಸ್ತೆಯನ್ನು ಅಡ್ಡಕ್ಕೆ ಕಡಿದು ಕಾಲುವೆ ಮಾಡಿದ್ದರು. ಕಟ್ಟಿ ನಿಂತಿದ್ದ ನೀರೆಲ್ಲ ಅದರಲ್ಲಿ ಇಳಿದು, ಮರಗಳನ್ನು ಬುಡಸಮೇತ ಎಳೆದುಕೊಂಡು ಹಳ್ಳಕ್ಕೆ ಹೋಗಿತ್ತು. ಎಲ್ಲೆಲ್ಲೂ ಆ ಹಸಿಮಣ್ಣಿನ ವಾಸನೆ. ಕೆಳಗೆ ಆರು ಮನೆಗಳೂ ನೆಟ್ಟಗೆ ನಿಂತಿದ್ದವು. ಒಂದರಿಂದ ಒಲೆಯ ಹೊಗೆ ಏಳುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ಕಡಿದವರು ಪುಟ್ಟಯ್ಯ. ದ್ಯಾವಯ್ಯ ಫೋನು ಮಾಡಿ ವಾಪಸ್ ಹೋಗುವಷ್ಟರಲ್ಲಿ ಹಾರೆ ಹಿಡಿದು ಶುರುಮಾಡಿದ್ದರಂತೆ. ಆಮೇಲೆ ಇಬ್ಬರೂ ಸೇರಿ, ಮನೆಗಳ ಹೆಂಗಸರೂ ಸೇರಿ, ಮಧ್ಯಾಹ್ನ ಮೂರರವರೆಗೆ ಅಗೆದಿದ್ದರು. ಎಲ್ಲಿ ಕಡಿದರೆ ನೀರು ಯಾವ ಕಡೆ ಹೋಗುತ್ತದೆ ಎಂದು ಗೊತ್ತಿದ್ದವರು ಅವರಿಬ್ಬರೇ. ಪುಟ್ಟಯ್ಯನವರ ಎರಡು ಅಂಗೈಯ ಚರ್ಮವೂ ಕಿತ್ತು, ಬಟ್ಟೆ ಸುತ್ತಿಕೊಂಡಿದ್ದರು.

ಸಾಹೇಬರು ಜೀಪಿನಿಂದ ಇಳಿದು ಆಡಿದ ಮೊದಲ ಮಾತು, “ರಸ್ತೆ ಕಡಿಯೋಕೆ ಪರ್ಮಿಷನ್ ಕೊಟ್ಟವರ್‍ಯಾರು?”

“ಯಾರೂ ಕೊಡ್ಲಿಲ್ಲ ಸ್ವಾಮಿ. ಕೇಳಕ್ಕೆ ಯಾರೂ ಇರ್ಲಿಲ್ಲ,” ಎಂದರು ಪುಟ್ಟಯ್ಯ.

ತಿರುಪತಿಯಿಂದ ಬಂದ ಗುತ್ತಿಗೆದಾರ ತಲೆ ಬೋಳಿಸಿಕೊಂಡು ನೇರ ಕಚೇರಿಗೇ ಬಂದ. ರಸ್ತೆ ತಾನಾಗಿ ಒಡೆದಿದ್ದರೆ ಸರಿಮಾಡುವ ಹೊಣೆ ಅವನದು. ಹೊರಗಿನವನು ಕಡಿದಿದ್ದಾನೆ, ಹಾಗಾಗಿ ನನಗೆ ಸಂಬಂಧವಿಲ್ಲ ಎಂದು ಬರೆದುಕೊಟ್ಟ. ಲಾಡು ಕೊಟ್ಟು ಹೋದ. ಸಾಹೇಬರು ಲಾಡು ತಿನ್ನುತ್ತಾ ಪುಟ್ಟಯ್ಯನವರಿಗೆ ನೋಟಿಸು ಹೇಳಿ ಬರೆಸಿದರು. “ಈ ಇಲಾಖೆಗೆ ಯಾವುದೇ ಸಂಬಂಧವಿಲ್ಲದ ನೀವು ಸಾರ್ವಜನಿಕ ರಸ್ತೆಯನ್ನು ಹಾಳುಗೆಡವಿರುವುದರಿಂದ, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು...”

ಟೈಪ್‌ರೈಟರಿನ ಮುಂದೆ ಕೂತೆ. ಸಿಟ್ಟು ನೆತ್ತಿಗೇರಿತ್ತು. ಸಂಬಂಧವಿಲ್ಲದ ನೀವು! ಹನ್ನೊಂದು ವರ್ಷ ಕೆಸರಿನಲ್ಲಿ ಕೂತು ಈ ರಸ್ತೆಯನ್ನು ಕಾದವರಿಗೆ ಸಂಬಂಧವಿಲ್ಲ, ತಲೆ ಬೋಳಿಸಿಕೊಂಡು ಬಂದವನಿಗೆ ಸಂಬಂಧ. ಆ ಮಾತುಗಳು ನನ್ನ ಬೆರಳಿನಿಂದ ಇಳಿಯಲಿಲ್ಲ. ಅವುಗಳ ಬದಲು ಹೀಗೆ ಹೊಡೆದೆ: “ಈ ಕಚೇರಿಯ ರಸ್ತೆ ಗ್ಯಾಂಗಿನಲ್ಲಿ ಹನ್ನೊಂದು ವರ್ಷ ಸತತವಾಗಿ ದಿನಗೂಲಿ ನೌಕರರಾಗಿ ಕೆಲಸ ಮಾಡಿರುವ ನೀವು...” ಉಳಿದದ್ದನ್ನು ಅವರು ಹೇಳಿದ ಹಾಗೆಯೇ ಬಿಟ್ಟೆ. ಸಾಹೇಬರು ಯಾವ ಕಾಗದವನ್ನೂ ಓದುವವರಲ್ಲ. ಎಲ್ಲಿ ಎಂದು ಕೇಳುತ್ತಿದ್ದರು, ನಾನು ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದರು. ಹಾಕಿದರು. ಸೀಲು ನಾನೇ ಒತ್ತಿದೆ, ಎರಡು ಸಲ ಒತ್ತಿದೆ.

ನೋಟಿಸನ್ನು ಅಂಚೆಗೆ ಹಾಕದೆ ನಾನೇ ತೆಗೆದುಕೊಂಡು ಹೋದೆ. ಪುಟ್ಟಯ್ಯ ಜಗಲಿಯಲ್ಲಿ ಕೂತಿದ್ದರು, ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಜೋರಾಗಿ ಓದಿದೆ. ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದರು. ಪುಟ್ಟಯ್ಯ ಮಾತ್ರ, “ಮೊದಲ್ನೇ ಸಾಲು ಇನ್ನೊಂದ್ಸಲ ಓದಿ” ಎಂದರು. ಓದಿದೆ.

“ಸಾಹೇಬ್ರೇ ಬರ್ಸುದ್ರಾ ಇದ?”

“ಸಹಿ ಅವರದ್ದೇ ಪುಟ್ಟಯ್ಯ. ಇದನ್ನ ಹರೀಬೇಡಿ. ಇದನ್ನೇ ತಗೊಂಡು ವಕೀಲರ ಹತ್ರ ಹೋಗಿ.”

ಪುಟ್ಟಯ್ಯ ಖಾಯಮಾತಿಗೆಂದು ಹಾಕಿದ ಕೇಸು ಎರಡು ವರ್ಷ ನಡೆಯಿತು. ಫೈಲು ತರಲು ಹೇಳಿದ್ದರಿಂದ ಸಾಹೇಬರ ಸಾಕ್ಷಿಯ ದಿನ ನಾನೂ ಕೋರ್ಟಿನಲ್ಲಿದ್ದೆ. ನ್ಯಾಯಾಧೀಶರು ನೋಟಿಸನ್ನು ಅವರ ಮುಂದೆ ಹಿಡಿಸಿ, “ಇದು ನಿಮ್ಮ ಸಹಿಯೇ? ಇದರಲ್ಲಿ ಬರೆದಿರುವುದು ಸರಿಯೇ?” ಎಂದು ಕೇಳಿದರು. ಸಾಹೇಬರು ಆ ಕಾಗದವನ್ನು ಓದಿದ್ದು ಅವತ್ತೇ ಮೊದಲು. ಓದಿ ನನ್ನ ಕಡೆ ನೋಡಿದರು. ನಾನೂ ನೋಡಿದೆ. ಸರಿಯಲ್ಲ ಎಂದರೆ ಓದದೆ ಸಹಿ ಹಾಕಿದೆ ಎಂದು ತುಂಬಿದ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕು. ಮಾನ ದೊಡ್ಡದಲ್ಲವೇ, “ಸರಿಯಾಗಿದೆ ಸ್ವಾಮಿ” ಎಂದರು. ಆಮೇಲೆ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಪುಟ್ಟಯ್ಯನವರನ್ನು ಖಾಯಂ ಆಗಿ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಆದೇಶವಾಯಿತು. ನಾನು ಕಚೇರಿಗೆಲ್ಲ ಮೈಸೂರುಪಾಕು ಹಂಚಿದೆ. ಅಷ್ಟರಲ್ಲಿ ದ್ಯಾವಯ್ಯ ನಿವೃತ್ತರಾಗಿದ್ದರು, ಅವರ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಪುಟ್ಟಯ್ಯ ಹೋಗಿ ಆ ರಸ್ತೆ ನೋಡಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಮೇಲಿನಿಂದ ಕಾಗದ ಬಂತು. ಗ್ಯಾಂಗು ರದ್ದಾಗಿದೆ, ಮೋರಿಗಳು ಟೆಂಡರಿನಲ್ಲಿವೆ, ರಸ್ತೆಯ ಮೇಲೆ ಹುದ್ದೆ ಇಲ್ಲ. ಆದರೆ ಕೋರ್ಟಿನ ಆದೇಶ ಪಾಲಿಸಬೇಕಾದ್ದರಿಂದ ಕಚೇರಿಯಲ್ಲಿ ಹೊಸದಾಗಿ ಒಂದು ಅಟೆಂಡರ್ ಹುದ್ದೆ ಸೃಷ್ಟಿಸಲಾಗಿದೆ. ಅಟೆಂಡರುಗಳು ನಮ್ಮಲ್ಲಿ ಆಗಲೇ ಮೂವರಿದ್ದರು. ಇವರು ನಾಲ್ಕನೆಯವರು. ದುಂದು ಕಡಿಮೆ ಮಾಡಲೆಂದು ಬಂದವರು ಹೀಗೆ ಮಾಡಿದರು. ಇವರ ಮನೆ ಹಾಳಾಗ ಎಂದು ಅವತ್ತು ಬಾಯಿತುಂಬ ಬೈದೆ, ಸಾಹೇಬರಿಗೆ ಕೇಳಿಸುವ ಹಾಗೆಯೇ ಬೈದೆ.

ಪುಟ್ಟಯ್ಯ ಖಾಕಿ ಪ್ಯಾಂಟು ಹಾಕಿಕೊಂಡು ದಿನಾ ಬಸ್ಸಿನಲ್ಲಿ ಬಂದು, ಸಾಹೇಬರ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಬೆಲ್ ಆದರೆ ಕಾಫಿ ತರುತ್ತಿದ್ದರು. ಉಳಿದ ಮೂವರು ಇಸ್ಪೀಟಿಗೆ ಕರೆದರೆ ಹೋಗುತ್ತಿರಲಿಲ್ಲ. ಮೊದಲ ಮಳೆಗಾಲ ಬಂತು. ಒಂದು ಮಧ್ಯಾಹ್ನ ಆಕಾಶ ಹರಿದು ಸುರಿಯುತ್ತಿತ್ತು, ಒಳಗೆ ಬೆಲ್ ಹೊಡೆದೇ ಹೊಡೆಯುತ್ತಿತ್ತು, ಸ್ಟೂಲು ಖಾಲಿಯಿತ್ತು. ಹೋಗಿ ನೋಡಿದರೆ ಪುಟ್ಟಯ್ಯ ವರಾಂಡದ ತುದಿಯಲ್ಲಿ ನಿಂತು ಹೆತ್ತೂರಿನ ದಿಕ್ಕಿಗೆ ಮುಖ ಮಾಡಿದ್ದರು. ಇರಚಲಿಗೆ ಅರ್ಧ ಮೈ ನೆನೆದಿತ್ತು.

“ಬೆಲ್ಲಾಗ್ತಿದೆ ಪುಟ್ಟಯ್ಯ, ಸಾಹೇಬರು ಕರೀತಿದ್ದಾರೆ. ಬನ್ನಿ ಒಳಗೆ,” ಎಂದೆ.

ತಿರುಗಿ ನೋಡಿದರು. ಎಂದೂ ಜೋರಾಗಿ ಮಾತಾಡದ ಮನುಷ್ಯ, ಅವತ್ತೂ ಮೆಲ್ಲಗೇ ಕೇಳಿದರು.

“ಸಂಬಳ ಕೊಡ್ತಾವ್ರೆ ಕಣವ್ವ. ಕೆಲ್ಸ ಯಾವಾಗ ಕೊಡ್ತಾರೆ?”